ಅಥಣಿಯ ಮೆಟ್ಟು

ಬೆಳಗಾವಿ ಜಿಲ್ಲೆಯ ಗಡಿಯೂರು ಏಕಸಂಬಿ ಬಿಟ್ಟು ಪರದೇಶ ಸೇರಿದ ನನ್ನಂಥವರ ಕಪಾಟಿನಲ್ಲಿ ಒಂದು ಜೋಡಿ ಇದ್ದೇ ಇರುತ್ತದೆ: ಜಗತ್ತು ಕೊಲ್ಹಾಪುರಿ ಅನ್ನುವ, ನಾವು ಅಥಣಿಯದು ಎಂದೇ ಕೊಂಡ ಚಪ್ಪಲಿ. ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ಹದಗೊಂಡ ತೊಗಲು. ಮೊಳೆಯಿಲ್ಲ, ಹೊಲಿಗೆಯೂ ತೊಗಲಿನ ದಾರದ್ದೇ. ಪಟ್ಟಿಯ ಸಣ್ಣ ಹೆಣಿಗೆ ಹೆಚ್ಚಾಗಿ ಮನೆಯ ಹೆಂಗಸರ ಕೈಯದು; ಹೆಸರು ಮಾತ್ರ ಅವರಿಗೆ ಸಿಕ್ಕಿಲ್ಲ. ಮೊದಲ ವಾರ ಕಚ್ಚುತ್ತದೆ. ಎಣ್ಣೆ ಹಚ್ಚಿ ಮೆಟ್ಟುತ್ತಾ ಹೋದರೆ ಅಂಗಾಲಿನ ಅಚ್ಚು ಅದರಲ್ಲೇ ಮೂಡುತ್ತದೆ.

ಜಾತ್ರೆಯ ಕುಸ್ತಿ ಕಣದಲ್ಲಿ ಪೈಲ್ವಾನರಿಗಿಂತ ಮೊದಲು ಕಿವಿಗೆ ಬೀಳುತ್ತಿದ್ದದ್ದು ಹಿರಿಯರ ಮೆಟ್ಟಿನ ಕರ್ ಕರ್ ಸದ್ದು. ಗತ್ತು ಅಂದರೆ ಅದು!

ನಮ್ಮೂರ ಕಡೆಯ ಕರ್ನಾಟಕ-ಮಹಾರಾಷ್ಟ್ರ ಗಡಿ ರಾಜಕೀಯದ ಜಗಳ ದೂರದಿಂದ ಓದಿದಾಗ ಬೇಸರವೇ ಹೆಚ್ಚು. ಆದರೆ 2019ರಲ್ಲಿ ಈ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಿಕೆಯಲ್ಲಿ (ಜಿಐ) ಕರ್ನಾಟಕದ 4, ಮಹಾರಾಷ್ಟ್ರದ 4 ಜಿಲ್ಲೆಗಳು ಒಟ್ಟಿಗಿವೆ. ನಾಯಕರಿಗೆ ಆಗದ್ದು ಚಮ್ಮಾರರಿಂದ ಆಯಿತು ಅನ್ನಿ. 2025ರ ಜೂನ್‌ನಲ್ಲಿ ಮಿಲಾನ್ ಫ್ಯಾಷನ್ ವೇದಿಕೆಯಲ್ಲಿ ಪ್ರಾಡಾ ಕಂಪನಿ ಇಂಥದ್ದೇ ಚಪ್ಪಲಿ ತೋರಿಸಿ, ಗದ್ದಲವಾದ ಮೇಲೆ ಮೂಲ ಒಪ್ಪಿಕೊಂಡಿತು. ಒಪ್ಪಿಗೆ ಸರಿ, ಇನ್ನು ಮಾಡುವವರಿಗೆ ಕೂಲಿ ಏರಬೇಕು.