ಜೋನಾ ಲೋಮು: ಚಿತ್ರ ಹೇಳದೆ ಬಿಟ್ಟ ಕಥೆ

ರಗ್ಬಿ ನಮ್ಮ ಮನೆಗಳಲ್ಲಿ ಹೆಚ್ಚು ಬಳಕೆಯ ಮಾತಲ್ಲ. ಮುಂಬಯಿಯ ವಾಚಕರಲ್ಲಿ ಕೆಲವರು ಬಾಂಬೆ ಜಿಮ್ಖಾನಾ ಮೈದಾನದಲ್ಲಿ ಅದನ್ನು ಕಂಡಿರಬಹುದು. ಕಲ್ಕತ್ತೆಯ ರಗ್ಬಿ ಕ್ಲಬ್ಬೊಂದು ಮುಚ್ಚಿದಾಗ ಅದರ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ ಪಾರಿತೋಷಕಕ್ಕಾಗಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು 1879ರಿಂದ ಸೆಣಸುತ್ತ ಬಂದಿವೆ ಎಂಬುದು ಬಹುಮಂದಿಗೆ ತಿಳಿಯದು. ತಂಡಕ್ಕೆ 15 ಮಂದಿ. ಮೊಟ್ಟೆಯಾಕಾರದ ಚೆಂಡನ್ನು ಎದುರಾಳಿಗಳ ಗೆರೆಯಾಚೆ ಒಯ್ದು ನೆಲಕ್ಕೆ ಊರಿದರೆ ಅದು ‘ಟ್ರೈ’. ಇಷ್ಟು ತಿಳಿದರೆ ಈ ಲೇಖನಕ್ಕೆ ಸಾಕು.

ಈ ಆಟವನ್ನು ನಮ್ಮಲ್ಲನೇಕರ ಮನೆಯೊಳಗೆ ತಂದದ್ದು ಕ್ಲಿಂಟ್ ಈಸ್ಟ್‌ವುಡ್ ಅವರ ‘ಇನ್‌ವಿಕ್ಟಸ್’ (2009) ಚಿತ್ರ. 1995ರ ವಿಶ್ವಕಪ್ಪಿನಲ್ಲಿ ದಕ್ಷಿಣ ಆಫ್ರಿಕ ಗೆದ್ದುದು, ಆ ನೆಪದಲ್ಲಿ ನೆಲ್ಸನ್ ಮಂಡೇಲಾ ಒಡೆದ ನಾಡನ್ನು ಒಂದುಗೂಡಿಸಲು ಯತ್ನಿಸಿದುದು ಇದರ ವಸ್ತು. ಮಾರ್ಗನ್ ಫ್ರೀಮನ್ನರ ಅಭಿನಯ ಹಿತಮಿತವಾದುದು. ಚಿತ್ರ ಮನೆಮಂದಿಯೆಲ್ಲ ಕುಳಿತು ನೋಡುವಂಥದು. ಇದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇರುವುದು ಚಿತ್ರ ನಡೆಸಿಕೊಂಡ ಒಬ್ಬ ಆಟಗಾರನ ಬಗೆಗೆ. ಆತ ನ್ಯೂಜಿಲೆಂಡಿನ ಜೋನಾ ಲೋಮು.

ಚಿತ್ರದಲ್ಲಿ ಲೋಮು ಒಂದು ಗೋಡೆ. ಅದನ್ನು ಕೆಡಹುವುದು ಹೇಗೆಂಬುದೇ ನಾಯಕನ ತಂಡದ ಚಿಂತೆ. ಹಾಗೆ ಚಿಂತಿಸಲು ಕಾರಣವೂ ಇತ್ತು. ಆರಡಿ ಐದಂಗುಲದ ಎತ್ತರ, ಸುಮಾರು 120 ಕಿಲೋ ತೂಕ, ಅಷ್ಟಾಗಿಯೂ ಓಟಗಾರನ ವೇಗ. ಕೇಪ್‌ಟೌನಿನ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ವಿರುದ್ಧ ಆತ ನಾಲ್ಕು ಟ್ರೈ ಗಳಿಸಿದ. ಅದರಲ್ಲೊಂದಕ್ಕೆ ಎದುರು ನಿಂತ ಮೈಕ್ ಕ್ಯಾಟ್‌ರನ್ನು ತುಳಿದುಕೊಂಡೇ ಓಡಿದ. ನ್ಯೂಜಿಲೆಂಡ್ 45-29ರಿಂದ ಗೆದ್ದಿತು. ಫೈನಲ್‌ನಲ್ಲಿ ಮಾತ್ರ ದಕ್ಷಿಣ ಆಫ್ರಿಕದವರು ಆತನಿಗೆ ಒಂದು ಟ್ರೈ ಕೂಡ ಬಿಟ್ಟುಕೊಡದೆ ಹೆಚ್ಚುವರಿ ಅವಧಿಯಲ್ಲಿ 15-12ರಿಂದ ಕಪ್ಪನ್ನು ಪಡೆದರು. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಲೋಮುವಿನ ಕಥೆ ಅಲ್ಲಿಂದ ಶುರುವಾಗುತ್ತದೆ.

ಆತ ವಲಸೆ ಬಂದವರ ಮಗ. ತಂದೆತಾಯಿ ಟೋಂಗಾ ದ್ವೀಪದವರು. ಎಳೆಯ ವಯಸ್ಸಿನ ಕೆಲವು ವರ್ಷ ಆತ ಟೋಂಗಾದ ಬಂಧುಗಳ ಬಳಿ ಬೆಳೆದು, ಆಮೇಲೆ ಆಕ್ಲೆಂಡಿಗೆ ಮರಳಿದ. ಊರಿನ ಅಜ್ಜಿಯ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಪರಸ್ಥಳದಲ್ಲಿ ದುಡಿದ ನಮ್ಮಂಥವರಿಗೆ ಇದನ್ನು ವಿವರಿಸಬೇಕಾಗಿಲ್ಲ. 19 ವರ್ಷಕ್ಕೇ ರಾಷ್ಟ್ರತಂಡ ಸೇರಿದ. ಆ ತಂಡದ ಟೆಸ್ಟ್ ಆಡಿದವರಲ್ಲಿ ಅಷ್ಟು ಕಿರಿಯನು ಅದುವರೆಗೆ ಇರಲಿಲ್ಲ.

1995ರ ಆಗಸ್ಟಿನಲ್ಲಿ ರಗ್ಬಿ ಯೂನಿಯನ್ ತನ್ನ ಹಳೆಯ ಹವ್ಯಾಸಿ ನಿಯಮವನ್ನು ಕೈಬಿಟ್ಟು ಆಟಗಾರರಿಗೆ ಸಂಬಳ ಕೊಡಲು ಒಪ್ಪಿತು. ಫೈನಲ್ ಪಂದ್ಯದ ಮುನ್ನಾದಿನವೇ ದೂರದರ್ಶನ ಪ್ರಸಾರಕ್ಕಾಗಿ ಹತ್ತು ವರ್ಷಗಳ, ಸುಮಾರು 55 ಕೋಟಿ ಡಾಲರಿನ ಒಪ್ಪಂದ ಪ್ರಕಟವಾಗಿತ್ತು. ಹಣ ಹರಿದುಬಂದ ಆ ವರ್ಷದ ಕೊನೆಗೇ ಲೋಮುವಿಗೆ ನೆಫ್ರಾಟಿಕ್ ಸಿಂಡ್ರೋಮ್ ಎಂಬ ಮೂತ್ರಪಿಂಡದ ಕಾಯಿಲೆ ಇರುವುದು ಪತ್ತೆಯಾಯಿತು. ಮೂತ್ರಪಿಂಡದ ಸೂಕ್ಷ್ಮ ಜಾಲರಿ ಸೋರತೊಡಗಿ ರಕ್ತದ ಪ್ರೋಟೀನು ಮೂತ್ರದಲ್ಲಿ ಹೋಗುತ್ತದೆ. ರಕ್ತದಲ್ಲಿ ನಿಲ್ಲಬೇಕಾದ ನೀರು ಅಂಗಾಂಶಗಳಿಗೆ ಇಳಿದು ಮೈ ಬಾತುಕೊಳ್ಳುತ್ತದೆ, ಆಯಾಸ ಕಾಡುತ್ತದೆ. ಜಗತ್ತು ಯಾವ ಮೈಯನ್ನು ಬುಲ್ಡೋಜರ್ ಎಂದು ಕರೆಯುತ್ತಿತ್ತೋ ಅದು ಒಳಗಿನಿಂದ ಸೋರುತ್ತಿತ್ತು.

ಚಿಕಿತ್ಸೆಗಾಗಿ ಬಿಡುವು ಪಡೆದು ಆತ ಹಿಂದಿರುಗಿದ. 1998ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಏಳು ಮಂದಿಯ ರಗ್ಬಿಯ ಚಿನ್ನ, 1999ರ ವಿಶ್ವಕಪ್ಪಿನಲ್ಲಿ ಎಂಟು ಟ್ರೈಗಳು, 2000ದಲ್ಲಿ ಸಿಡ್ನಿಯಲ್ಲಿ 1,09,874 ಪ್ರೇಕ್ಷಕರೆದುರು ಆಸ್ಟ್ರೇಲಿಯದ ಮೇಲೆ ಗೆಲುವಿನ ಟ್ರೈ. ಇವೆಲ್ಲ ರೋಗ ಪತ್ತೆಯಾದ ಮೇಲಿನ ಸಾಧನೆಗಳು ಎಂಬುದನ್ನು ಗಮನಿಸಬೇಕು. 63 ಟೆಸ್ಟ್‌ಗಳಲ್ಲಿ 37 ಟ್ರೈ ಗಳಿಸಿದ ಆತನ ಕೊನೆಯ ಟೆಸ್ಟ್ 2002ರದು. 2003ರಲ್ಲಿ ಡಯಾಲಿಸಿಸ್, 2004ರಲ್ಲಿ ಸ್ನೇಹಿತರೊಬ್ಬರು ಕೊಟ್ಟ ಮೂತ್ರಪಿಂಡದ ಕಸಿ. ಅಷ್ಟಾದರೂ 2005ರಲ್ಲಿ ವೇಲ್ಸಿನ ಕಾರ್ಡಿಫ್ ತಂಡಕ್ಕೆ ಸೇರಿ ಮತ್ತೆ ಮೈದಾನಕ್ಕಿಳಿದ. ಕಸಿಯಾದ ಮೂತ್ರಪಿಂಡ 2011ರಲ್ಲಿ ಕೈಕೊಟ್ಟಿತು. 2015ರ ನವೆಂಬರ್ 18ರಂದು, 40ನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ.

ಸರಕಾರಿ ನೌಕರನಿಗೆ ಕಾಯಿಲೆ ಬಂದರೆ ವೈದ್ಯರ ಸರ್ಟಿಫಿಕೇಟು, ಸಂಬಳಸಹಿತ ರಜೆ, ಕೊನೆಗೆ ಪಿಂಚಣಿ ಎಂಬ ಆಸರೆಗಳಿವೆ. ದೇಹವನ್ನೇ ಬಂಡವಾಳ ಮಾಡಿಕೊಂಡ ವೃತ್ತಿಪರ ಆಟಗಾರನಿಗೆ ದೇಹ ಸೋತ ದಿನವೇ ಅಂಗಡಿ ಮುಚ್ಚಬೇಕು. ಇಂಥವನ ವೃತ್ತಿಜೀವನವನ್ನು ತೂಗುವಾಗ ಟ್ರೈಗಳನ್ನಷ್ಟೇ ಎಣಿಸಿದರೆ ಸಾಲದು. ವಿಶ್ವಕಪ್ಪುಗಳಲ್ಲಿ ಆತನ ಒಟ್ಟು 15 ಟ್ರೈಗಳ ದಾಖಲೆಯನ್ನು ದಕ್ಷಿಣ ಆಫ್ರಿಕದ ಬ್ರಯಾನ್ ಹಬಾನಾ 2015ರಲ್ಲಿ ಸರಿಗಟ್ಟಿದರು. ದಾಖಲೆಗಳ ಧರ್ಮವೇ ಅದು. ಕ್ಷೀಣಿಸುತ್ತಿದ್ದ ದೇಹದಿಂದ ಅಂಥ ಆಟ ತೆಗೆದದ್ದಕ್ಕೆ ಯಾವ ಪಟ್ಟಿಯಲ್ಲೂ ಅಂಕಣವಿಲ್ಲ.

ಮಂಡೇಲಾರ ಚಿತ್ರದಲ್ಲಿ ಲೋಮುವಿನ ಇಡೀ ಬದುಕು ಇರಬೇಕಿತ್ತೆಂದು ಕೇಳುವುದು ನ್ಯಾಯವಲ್ಲ. ಆದರೆ ವೈರಿಯಲ್ಲೂ ಮನುಷ್ಯನನ್ನು ಕಾಣಬೇಕೆಂಬುದೇ ಆ ಚಿತ್ರದ ಸಂದೇಶ. ಬಿಳಿಯರನ್ನೂ ಕರಿಯರನ್ನೂ ಕುರಿತು ಹೇಳಿದ ಆ ಮಾತನ್ನು, ಎದುರು ತಂಡದ ಇಪ್ಪತ್ತು ವರ್ಷದ ಹುಡುಗನಿಗೂ ಅನ್ವಯಿಸಬಹುದಾಗಿತ್ತು. ಅಷ್ಟರಮಟ್ಟಿಗೆ ಚಿತ್ರ ತನ್ನ ಮಾತಿಗೆ ತಾನೇ ತಪ್ಪಿದೆ. ವಾಚಕರು ಅದನ್ನು ಅಗತ್ಯವಾಗಿ ನೋಡಲಿ. ಕಪ್ಪು ಅಂಗಿಯ ಹನ್ನೊಂದನೆಯ ನಂಬರಿನವನು ತೆರೆಯ ಮೇಲೆ ಕಂಡಾಗ, ಅವನ ಮುಂದಿದ್ದ ಇಪ್ಪತ್ತು ವರ್ಷಗಳನ್ನೂ ನೆನೆದುಕೊಂಡು ನೋಡಲಿ.