ಬಾಗ್ದಾದಿನ ದಾರಿ

ಅರಬ್ ಫುಟ್‌ಬಾಲ್ ಎಂದರೆ ನಮ್ಮಲ್ಲೀಗ ರೊನಾಲ್ಡೊ. 2023ರ ಜನವರಿಯಲ್ಲಿ ಆತ ರಿಯಾದಿನ ಅಲ್ ನಸ್ರ್ ಸೇರಿದ್ದೇ ತಡ, ಮೂಡಿಗೆರೆ ಪೇಟೆಯಲ್ಲೂ ಹಳದಿ ಜೆರ್ಸಿಯ ಹುಡುಗರು ಕಾಣಿಸತೊಡಗಿದರು. ಹಾಕಿಕೊಳ್ಳಲಿ, ತಕರಾರಿಲ್ಲ. ಆದರೆ ಆ ಸೀಮೆಯ ಆಟದ ರುಚಿ ಹತ್ತಬೇಕಾದರೆ ಸೌದಿಯ ದುಡ್ಡಿನ ಕಡೆಯಿಂದಲ್ಲ, ಬಾಗ್ದಾದಿನ ಕಡೆಯಿಂದ ಹೋಗಬೇಕು. ಕನ್ನಡಿಗರಿಗೆ ಆ ದಾರಿ ತೋರಿಸಿದ್ದು ಒಂದು ಸೋಲು.

2016ರ ನವೆಂಬರ್ 5, ಶನಿವಾರ. ತೋಟಗಳಲ್ಲಿ ಅರೇಬಿಕಾ ಹಣ್ಣಾಗುವ ಕಾಲ. ದೋಹಾದಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್: ಬೆಂಗಳೂರು ಎಫ್‌ಸಿ ಎದುರು ಇರಾಕಿನ ಅಲ್ ಕುವಾ ಅಲ್ ಜವಿಯಾ, ಅಂದರೆ ವಾಯುಪಡೆಯ ತಂಡ. ಭಾರತದ ಕ್ಲಬ್ಬೊಂದು ಈ ಫೈನಲ್ ಮುಟ್ಟಿದ್ದು ಅದೇ ಮೊದಲು. ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೋರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಮಣಿಸಿದ್ದರು, ಅದರಲ್ಲಿ ಸುನಿಲ್ ಚೆಟ್ರಿಯದೇ ಎರಡು ಗೋಲು. ಊರೆಲ್ಲ ಹುರುಪಿನಲ್ಲಿತ್ತು.

ಆದರೆ ಆ ವರ್ಷದ ಟೂರ್ನಿಯಲ್ಲಿ ಏಷ್ಯಾದ ಪೂರ್ವ, ಪಶ್ಚಿಮ ತಂಡಗಳು ಫೈನಲ್‌ವರೆಗೆ ಮುಖಾಮುಖಿಯಾಗುತ್ತಿರಲಿಲ್ಲ. ಲಾವೋಸ್, ಮ್ಯಾನ್ಮಾರ್, ಹಾಂಗ್‌ಕಾಂಗ್, ಸಿಂಗಪುರ, ಮಲೇಷ್ಯಾದ ತಂಡಗಳ ಜೊತೆ ಆಡಿ ಬಂದ ಕೋಚ್ ಆಲ್ಬರ್ಟ್ ರೋಕಾ ಅವರ ಹುಡುಗರಿಗೆ ಪಶ್ಚಿಮ ಏಷ್ಯಾದ ಆಟ ಎದುರಾದದ್ದು ಕಪ್ಪು ಕಣ್ಣಮುಂದಿದ್ದಾಗಲೇ. ಮೈಗೆ ಮೈ ತಾಗಿಸಿ ಆಡುವವರು, ಚೆಂಡು ಸಿಕ್ಕರೆ ಬಿಡದವರು. ಗೋಲ್‌ಕೀಪರ್ ಅಮರಿಂದರ್‌ಗೆ ನಿಷೇಧವಿದ್ದುದರಿಂದ ರಾಲ್ಟೆ ನಿಂತಿದ್ದರು. ಪಂದ್ಯವನ್ನು ಅಷ್ಟು ಹೊತ್ತು ಜೀವಂತ ಇಟ್ಟವರೂ ಅವರೇ. ಎಪ್ಪತ್ತನೇ ನಿಮಿಷದಲ್ಲಿ ಅಮ್ಜದ್ ರಾಧಿ ಒಳನುಗ್ಗಿ ಚೆಂಡು ಕೊಟ್ಟರು, ಹಮ್ಮಾದಿ ಅಹ್ಮದ್ ಸುಮ್ಮನೆ ಒಳಗೆ ತಳ್ಳಿದರು. 1-0.

ಹಮ್ಮಾದಿಯನ್ನು ನೋಡಿ ಕಲಿಯಬೇಕು. ಡ್ರಿಬ್ಲಿಂಗ್ ಚಮತ್ಕಾರವಿಲ್ಲ, ಕೂಗಾಟವಿಲ್ಲ, ಅರ್ಧ ಗಂಟೆ ಆತ ಮೈದಾನದಲ್ಲಿದ್ದಾನೆಂಬುದೇ ಮರೆತುಹೋಗುತ್ತದೆ. ಡಿಫೆಂಡರನ ಬೆನ್ನ ಹಿಂದೆ ನಿಂತಿದ್ದು, ಅವನು ಚೆಂಡಿನ ಕಡೆ ತಿರುಗಿದ ಗಳಿಗೆಯಲ್ಲೇ ಎರಡು ಹೆಜ್ಜೆ ಮುಂದೆ ಬಂದುಬಿಡುತ್ತಾನೆ. ಆ ಟೂರ್ನಿಯೊಂದರಲ್ಲೇ ಹದಿನಾರು ಗೋಲು. ಅದೃಷ್ಟ ಕೈಕೊಟ್ಟಿತು ಎಂದು ಇಂದಿಗೂ ಗೊಣಗುವ ಗೆಳೆಯರಿದ್ದಾರೆ. ಹದಿನಾರು ಗೋಲು ಅದೃಷ್ಟದಿಂದ ಬರುವುದಿಲ್ಲ ಸ್ವಾಮಿ.

ಮೂರು ದಿನ ಕಳೆದು ಮಂಗಳವಾರ ನೋಟು ರದ್ದಾಯಿತು. ಬಟವಾಡೆಗೆ ಚಿಲ್ಲರೆ ಹೊಂದಿಸುವ ಗಡಿಬಿಡಿಯಲ್ಲಿ ತೋಟದ ಸೀಮೆ ಫುಟ್‌ಬಾಲನ್ನು ಮರೆತೇಬಿಟ್ಟಿತು.

ಗೆದ್ದವರಿಗೋ ಸ್ವಂತ ಅಂಗಳವೇ ಇರಲಿಲ್ಲ. ಭದ್ರತೆಯ ಕಾರಣಕ್ಕೆ ಇರಾಕಿನಲ್ಲಿ ಅಂತರರಾಷ್ಟ್ರೀಯ ಪಂದ್ಯಕ್ಕೆ ಅವಕಾಶವಿರದೆ, ತಮ್ಮ ಊರಿನ ಪಂದ್ಯಗಳನ್ನೂ ಕತಾರಿನಲ್ಲೇ ಆಡುತ್ತಿದ್ದರು. ಮರುವರ್ಷ, ಬೆಂಗಳೂರನ್ನು ಹೊರಗಟ್ಟಿದ್ದ ತಜಿಕಿಸ್ತಾನದ ಇಸ್ತಿಕ್ಲೋಲ್ ತಂಡವನ್ನು ಅದರ ನೆಲದಲ್ಲೇ ಮಣಿಸಿ ಮತ್ತೆ ಕಪ್ ಎತ್ತಿದರು. 2018ರ ಫೈನಲ್ ಕೊನೆಗೂ ಬಸ್ರಾದಲ್ಲಿ ನಡೆಯಿತು, ಮೂರನೇ ಕಪ್ಪೂ ಅವರದೇ.

1931ರ ಕ್ಲಬ್ ಅದು. ಬಾಗ್ದಾದಿನ ದೊಡ್ಡ ಹೆಸರುಗಳನ್ನು ನೋಡಿ: ಪೊಲೀಸರ ಅಲ್ ಶೋರ್ತಾ, ವಿದ್ಯಾರ್ಥಿಗಳ ಅಲ್ ತಲಬಾ, ಜೊತೆಗೆ ಅಲ್ ಜವ್ರಾ. ಐಟಿಐ, ಎಚ್‌ಎಎಲ್, ಎಂಇಜಿ ತಂಡಗಳನ್ನು ನೋಡಿ ಬೆಳೆದ ಬೆಂಗಳೂರಿನ ಹಿರಿಯರಿಗೆ ಈ ವ್ಯವಸ್ಥೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಇಲಾಖೆ ತಂಡಗಳು ಸೊರಗಿದವು, ಅಲ್ಲಿ ಅವೇ ಇಂದಿಗೂ ಲೀಗಿನ ಬೆನ್ನೆಲುಬು. ಫ್ರಾಂಚೈಸಿ ಒಂದೇ ದಾರಿ ಎನ್ನುವವರು ಇದನ್ನು ಗಮನಿಸಲಿ.

ದೋಹಾದ ಆ ಸೋಲಿನ ಲೆಕ್ಕ ಚುಕ್ತಾ ಆದದ್ದು 2022ರ ಏಪ್ರಿಲ್‌ನಲ್ಲಿ, ರಿಯಾದಿನಲ್ಲಿ. ಎದುರಿಗೆ ಅದೇ ವಾಯುಪಡೆ ತಂಡ, ಮೊದಲ ಗೋಲೂ ಅದೇ ಹಮ್ಮಾದಿಯದು. ಆದರೆ ಮುಂಬೈ ಸಿಟಿ ತಿರುಗಿಬಿದ್ದು 2-1ರಿಂದ ಗೆದ್ದಿತು. ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನಲ್ಲಿ ಭಾರತದ ಕ್ಲಬ್ಬಿನ ಮೊದಲ ಜಯ. ಗೆಲುವಿನ ಹೆಡರ್ ಹೊಡೆದ ರಾಹುಲ್ ಭೇಕೆ, ಹಿಂದೆ ಬೆಂಗಳೂರಿನ ನೀಲಿ ಅಂಗಿ ತೊಟ್ಟವರು.

2025ರ ಅಕ್ಟೋಬರ್‌ನಲ್ಲಿ ಅಲ್ ನಸ್ರ್ ಗೋವಾಕ್ಕೆ ಬಂತು, ರೊನಾಲ್ಡೊ ಬರಲಿಲ್ಲ. ಬರುತ್ತಾನಾ ಇಲ್ಲವಾ ಎಂದು ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ವಾರವಿಡೀ ಚರ್ಚೆ. ಅದಕ್ಕೂ ಒಂದು ತಿಂಗಳ ಮೊದಲು ಗೋವಾದ ಅದೇ ಫತೋರ್ಡಾ ಮೈದಾನದಲ್ಲಿ ಅಲ್ ಜವ್ರಾ, ಎಫ್‌ಸಿ ಗೋವಾ ತಂಡವನ್ನು 2-0ರಿಂದ ಸೋಲಿಸಿ ಹೋಗಿತ್ತು. ಆ ಪಂದ್ಯದ ಬಗ್ಗೆ ಗುಂಪಿನಲ್ಲಿ ಒಬ್ಬನೂ ತುಟಿ ಬಿಚ್ಚಿರಲಿಲ್ಲ.