ಕಬ್ಬಿಣ ಇಳಿಸಲು ರಕ್ತದಾನವೇ?

ರಕ್ತ ಕೊಟ್ಟರೆ ದೇಹದ ಕಬ್ಬಿಣ ಇಳಿದು ಹೃದಯಕ್ಕೆ ಒಳಿತು ಎಂಬ ವಾದವನ್ನು ನೀವೂ ಕೇಳಿರಬಹುದು. ಇದರ ಮೂಲ 1981ರಲ್ಲಿ ಜೆರೋಮ್ ಸಲಿವನ್ ಮಂಡಿಸಿದ ಊಹೆ. ಅಮೆರಿಕದಲ್ಲಿ ಕಾಲಿನ ರಕ್ತನಾಳದ ಕಾಯಿಲೆಯಿದ್ದ 1277 ಮಂದಿಯ ಮೇಲೆ ಇದನ್ನು ಪರೀಕ್ಷಿಸಲಾಯಿತು. 2007ರ ಫಲಿತಾಂಶದಂತೆ ಒಟ್ಟಾರೆ ಸಾವು ಗಮನಾರ್ಹವಾಗಿ ತಗ್ಗಲಿಲ್ಲ.

ಲೆಕ್ಕ ಹಾಕಿ. 350 ಮಿಲಿಲೀಟರ್ ರಕ್ತದೊಡನೆ ಸುಮಾರು 160 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ದಿನಕ್ಕೆ 1 ಮಿಲಿಗ್ರಾಂ ಉಳಿತಾಯವಾದರೂ ಭರ್ತಿಗೆ 160 ದಿನ ಬೇಕು. ನಿಯಮದ ಅಂತರವೋ ಪುರುಷರಿಗೆ 90, ಮಹಿಳೆಯರಿಗೆ 120 ದಿನ. ಸಕಲೇಶಪುರ, ಆಲೂರಿನ ತೋಟಗಳಲ್ಲಿ ಊಟದ ಜೊತೆಗೇ ಕಾಫಿ ಕುಡಿಯುವವರಿಗೆ ಕಬ್ಬಿಣದ ಹೀರಿಕೆ ಇನ್ನೂ ಕಡಿಮೆ. (ಕಾಫಿ ಬಿಡಿ ಎಂದರೆ ಈ ಸೀಮೆಯಲ್ಲಿ ಯಾರೂ ಕೇಳರು!) ರಾಜ್ಯದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ.

ಹೆರಿಗೆಗೆ, ಅಪಘಾತಕ್ಕೆ ರಕ್ತ ಬೇಕು, ಕೊಡಿ. ಆದರೆ ಶಿಬಿರದ ಹಿಮೊಗ್ಲೋಬಿನ್ ಪರೀಕ್ಷೆ ಕಬ್ಬಿಣದ ದಾಸ್ತಾನನ್ನು ತೋರಿಸದು. ಅದಕ್ಕೆ ಫೆರಿಟಿನ್ ಅಳೆಯಬೇಕು. ಕಬ್ಬಿಣ ನಿಜವಾಗಿ ಮಿತಿಮೀರುವ ಹಿಮೋಕ್ರೊಮಟೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ರಕ್ತ ತೆಗೆಯುವುದೇ ಚಿಕಿತ್ಸೆ, ಅದೂ ವೈದ್ಯರ ನಿಗಾದಲ್ಲಿ.